ಮಲ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬಂದಿದೆಯೇ? ಗುಳಿಗೆ ನುಂಗುವ ಮೊದಲು ವರದಿ ಓದುವ ಕ್ರಮ

ಮಲ ಪರೀಕ್ಷೆಯ ವರದಿ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ದಪ್ಪ ಅಕ್ಷರದಲ್ಲಿ ಅಚ್ಚಾದ ಬ್ಯಾಕ್ಟೀರಿಯಾ ಹೆಸರಿನ ಮೇಲೆ. ‘ಸಾಹೇಬ್ರ, ಇ. ಕೋಲಿ ಅಂತ ಬಂದೈತಿ. ಭಾಳ ಡೇಂಜರ್ ಐತೇನ್ರಿ?’ ಎಂದು ವಿಜಯಪುರದ ಲ್ಯಾಬ್ ಕೌಂಟರಿನಲ್ಲಿ ಕೇಳುವವರು ಕಡಿಮೆಯೇನಲ್ಲ. ಡಾಕ್ಟರಿಗೆ ತೋರಿಸುವ ಮೊದಲೇ ಮೆಡಿಕಲ್ ಅಂಗಡಿಯಿಂದ ಓಫ್ಲಾಕ್ಸಸಿನ್–ಆರ್ನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಜೋಡಿ ಗುಳಿಗೆ ತಂದು ನುಂಗಿದವರೂ ಇದ್ದಾರೆ. ಈ ವರದಿ ಓದಲು ಒಂದು ಕ್ರಮವಿದೆ. ಬ್ಯಾಕ್ಟೀರಿಯಾ ಹೆಸರಿನ ಸರದಿ ಅದರಲ್ಲಿ ಕೊನೆಗೆ.

ಮೊದಲು, ಯಾವ ಪರೀಕ್ಷೆ ಎಂದು ನೋಡಿ

ಹಾಳೆಯ ಮೇಲ್ಭಾಗದಲ್ಲಿ ‘ಸ್ಟೂಲ್ ರೂಟೀನ್’ ಎಂದಿದೆಯೋ ‘ಸ್ಟೂಲ್ ಕಲ್ಚರ್’ ಎಂದಿದೆಯೋ? ರೂಟೀನ್‌ನಲ್ಲಿ ಮಲದ ಚೂರನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವರದಿ ಸಾಮಾನ್ಯವಾಗಿ ಅದೇ ದಿನ ಸಿಗುತ್ತದೆ. ಜಂತಿನ ತತ್ತಿ, ಅಮೀಬಾ, ಕೀವಿನ ಕಣ, ಕೆಂಪು ರಕ್ತಕಣ ಕಾಣುತ್ತವೆ. ಬ್ಯಾಕ್ಟೀರಿಯಾ ಯಾವ ಜಾತಿಯದೆಂದು ಹೇಳಲು ಬರುವುದಿಲ್ಲ. ಹಾಗಾಗಿ ‘ಬ್ಯಾಕ್ಟೀರಿಯಾ: ಪ್ರೆಸೆಂಟ್’ ಎಂಬ ಸಾಲಿಗೆ ಹೆದರಬೇಡಿ. ನೀರಿನಂಶ ತೆಗೆದ ಮಲದಲ್ಲಿ ಸುಮಾರು ಕಾಲು ಭಾಗದಿಂದ ಅರ್ಧದವರೆಗೆ ಇರುವುದು ಬ್ಯಾಕ್ಟೀರಿಯಾವೇ.

ಕಲ್ಚರ್ ಎಂದರೆ ಮಲವನ್ನು ಪೋಷಕಾಂಶವಿರುವ ತಟ್ಟೆಗೆ ಹಚ್ಚಿ, ಮೈಯ ಬಿಸಿಯಷ್ಟು ಶಾಖದಲ್ಲಿಟ್ಟು, ಬೆಳೆದದ್ದನ್ನು ಗುರುತಿಸುವುದು. ಎರಡು ಮೂರು ದಿನ ಹಿಡಿಯುತ್ತದೆ. ಕರುಳಿನ ಬಹುಪಾಲು ಬ್ಯಾಕ್ಟೀರಿಯಾ ಆಮ್ಲಜನಕವಿರುವ ಕಡೆ ಬೆಳೆಯುವುದಿಲ್ಲ, ಹೀಗಾಗಿ ಈ ತಟ್ಟೆಯಲ್ಲಿ ಕಾಣಿಸುವುದೂ ಇಲ್ಲ. ಲ್ಯಾಬಿನವರು ಇಲ್ಲಿ ಹುಡುಕುವುದು ಸಾಲ್ಮೊನೆಲ್ಲಾ, ಶಿಗೆಲ್ಲಾ, ಕಾಲರಾದ ವಿಬ್ರಿಯೊ ಹೀಗೆ ನಾಲ್ಕಾರು ಗುರುತಿನ ಕಳ್ಳರನ್ನು ಮಾತ್ರ. ‘ನಾರ್ಮಲ್ ಫ್ಲೋರಾ ಗ್ರೋನ್’ ಎಂದು ಬರೆದಿದ್ದರೆ ಆ ಕಳ್ಳರು ಸಿಕ್ಕಿಲ್ಲ, ಮನೆಯವರಷ್ಟೇ ಇದ್ದಾರೆ ಎಂದರ್ಥ.

ಸ್ಯಾಂಪಲ್ ಹೇಗೆ ಕೊಟ್ಟಿರಿ?

ವರದಿಯ ಬೆಲೆ ಡಬ್ಬಿಯಲ್ಲೇ ತೀರ್ಮಾನವಾಗುತ್ತದೆ. ಲ್ಯಾಬ್ ಕೊಟ್ಟ ಅಗಲ ಬಾಯಿಯ ಡಬ್ಬಿಯೇ ಬೇಕು. ಮೂತ್ರವಾಗಲಿ ಸಂಡಾಸದ ನೀರಾಗಲಿ ಬೆರೆಯಬಾರದು. ಲೋಳೆ ಅಥವಾ ರಕ್ತ ಕಂಡ ಭಾಗವನ್ನೇ ತೆಗೆದುಕೊಳ್ಳಿ, ಒಂದೆರಡು ತಾಸಿನೊಳಗೆ ಮುಟ್ಟಿಸಿ. ಇಂಡಿ, ಸಿಂದಗಿ ಕಡೆಯ ಹಳ್ಳಿಯಿಂದ ಬೇಸಿಗೆಯಲ್ಲಿ ಬಸ್ಸಿನಲ್ಲಿ ತರುವುದಾದರೆ, ಲ್ಯಾಬ್ ಇರುವ ಊರಿಗೆ ಬಂದೇ ಸ್ಯಾಂಪಲ್ ಕೊಡುವುದು ವಾಸಿ. ಆ್ಯಂಟಿಬಯಾಟಿಕ್ ಶುರುವಾದ ಮೇಲೆ ಕೊಟ್ಟರೆ ರೋಗದ ಬ್ಯಾಕ್ಟೀರಿಯಾ ಇದ್ದರೂ ಬೆಳೆಯದೇ ಹೋಗಬಹುದು. ಜಂತಿನ ಅನುಮಾನವಿದ್ದರೆ ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ಕೇಳುತ್ತಾರೆ. ಅದು ಬಿಲ್ ಹೆಚ್ಚಿಸುವ ತಂತ್ರವಲ್ಲ, ತತ್ತಿ ಮತ್ತು ಸಿಸ್ಟ್ (ಅಮೀಬಾದಂಥ ಜೀವಿಯ ಗಟ್ಟಿ ಕವಚದ ರೂಪ) ಪ್ರತಿದಿನ ಬೀಳುವುದಿಲ್ಲ.

ಈಗ ಕೀವು, ರಕ್ತದ ಸಾಲು

‘ಪಸ್ ಸೆಲ್ಸ್’ ಮುಂದೆ ಬೆರಳೆಣಿಕೆಯಷ್ಟಿದ್ದರೆ ಚಿಂತೆಯಿಲ್ಲ. ‘ಪ್ಲೆಂಟಿ’ ಎಂದಿದ್ದು, ಕೆಂಪು ರಕ್ತಕಣವೂ ಇದ್ದು, ಜತೆಗೆ ಜ್ವರ ಮತ್ತು ಹೊಟ್ಟೆ ಮುರಿತ ಇದ್ದರೆ ಕರುಳಿನ ಗೋಡೆಗೆ ಪೆಟ್ಟು ಬಿದ್ದಿರುವ ಸಾಧ್ಯತೆ ಹೆಚ್ಚು. ನೀರಿನಂಥ ಭೇದಿಯಲ್ಲಿ ಕೀವು ಇಲ್ಲದಿದ್ದರೆ ವೈರಸ್ ಅಥವಾ ವಿಷ ಬಿಡುವ ಬ್ಯಾಕ್ಟೀರಿಯಾ ಇರಬಹುದು. ಇಂಥ ಹೆಚ್ಚಿನ ಭೇದಿಗಳು ಆ್ಯಂಟಿಬಯಾಟಿಕ್ ಇಲ್ಲದೆಯೂ ವಾಸಿಯಾಗುತ್ತವೆ.

ಹೆಸರಿನ ಗೊಂದಲ

ಇಲ್ಲಿ ಸ್ವಲ್ಪ ನಿಂತು ಓದಿ. ‘ಇ. ಕೋಲಿ’ ಎಂಬ ಸಂಕ್ಷಿಪ್ತ ಹೆಸರು ಎರಡು ಬೇರೆ ಬೇರೆ ಜೀವಿಗಳಿಗೆ ಇದೆ. ರೂಟೀನ್ ವರದಿಯಲ್ಲಿ ‘ಇ. ಕೋಲಿ ಸಿಸ್ಟ್’ ಎಂದಿದ್ದರೆ ಅದು ಎಂಟಮೀಬಾ ಕೋಲಿ, ನಿರುಪದ್ರವಿ ಅಮೀಬಾ. ಅದಕ್ಕೆ ಔಷಧ ಬೇಡ. ಎಲ್ಲೋ ಕೊಳಕು ನೀರು ಹೊಟ್ಟೆಗೆ ಹೋಗಿದೆ ಎಂಬ ಸೂಚನೆ ಅಷ್ಟೇ. ಕಲ್ಚರ್ ವರದಿಯಲ್ಲಿ ಬರುವುದು ಎಶೆರಿಕಿಯಾ ಕೋಲಿ ಎಂಬ ಬ್ಯಾಕ್ಟೀರಿಯಾ. ಥಿಯೊಡರ್ ಎಶೆರಿಶ್ ಎಂಬ ಮಕ್ಕಳ ವೈದ್ಯ 1885ರಲ್ಲಿ ಇದನ್ನು ವಿವರಿಸಿದ್ದು ನವಜಾತ ಮತ್ತು ಎದೆಹಾಲು ಕುಡಿಯುವ ಕೂಸುಗಳ ಮಲವನ್ನು ಪರೀಕ್ಷಿಸಿ. ನಮ್ಮೆಲ್ಲರ ಕರುಳಿನಲ್ಲೂ ಇದು ಇದೆ. ಭೇದಿ ತರುವ ಕೆಲವು ತಳಿಗಳೂ ಇವೆ, ನಿಜ. ಆದರೆ ಸಾದಾ ಕಲ್ಚರ್ ತಳಿ ಯಾವುದೆಂದು ಹೇಳುವುದಿಲ್ಲ, ಜೀನ್ ಹುಡುಕುವ ಪಿಸಿಆರ್ ನಮೂನೆಯ ಪರೀಕ್ಷೆ ಬೇಕಾಗುತ್ತದೆ. ಅದೇ ಬ್ಯಾಕ್ಟೀರಿಯಾ ಮೂತ್ರದ ಕಲ್ಚರ್‌ನಲ್ಲಿ ಬಂದರೆ ಲೆಕ್ಕ ಬೇರೆ. ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಒಂದಷ್ಟು ಯೀಸ್ಟ್ ಕಣಗಳು ಮಲದಲ್ಲಿ ಕಂಡರೂ ಬಹುತೇಕ ಹೀಗೇ, ಅವೂ ಕರುಳಿನ ಮನೆಯವರೇ.

ಎಂಟಮೀಬಾ ಹಿಸ್ಟೊಲಿಟಿಕಾ ಎಂದಿದ್ದರೆ ಮಾತ್ರ ಅಸಡ್ಡೆ ಬೇಡ, ಆಮಶಂಕೆಯ ಅಮೀಬಾ ಅದು. ಅದರದೇ ರೂಪದ, ರೋಗ ತರದ ಎಂಟಮೀಬಾ ಡಿಸ್ಪಾರ್ ಕೂಡ ಇದೆ. ಎರಡರ ಸಿಸ್ಟ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ಬೇರ್ಪಡಿಸಲು ಆಗದು. ರಕ್ತಕಣ ನುಂಗಿದ ಅಮೀಬಾ ಕಂಡಿದೆ ಎಂದಿದ್ದರೆ ಅನುಮಾನ ಗಟ್ಟಿ. ಶಿಗೆಲ್ಲಾ, ಟೈಫಾಯಿಡ್ ತರುವ ಸಾಲ್ಮೊನೆಲ್ಲಾ, ವಿಬ್ರಿಯೊ ಕಾಲರೇ ಬಂದಿದ್ದರೆ ಅಂದೇ ಡಾಕ್ಟರನ್ನು ಕಾಣಿ.

ಹೆಸರಿನ ಕೆಳಗಿನ ಔಷಧ ಪಟ್ಟಿ

ಬ್ಯಾಕ್ಟೀರಿಯಾ ಹೆಸರಿನ ಕೆಳಗೆ ಆ್ಯಂಟಿಬಯಾಟಿಕ್‌ಗಳ ಪಟ್ಟಿ, ಮುಂದೆ ‘ಸೆನ್ಸಿಟಿವ್’, ‘ರೆಸಿಸ್ಟಂಟ್’ ಎಂಬ ಗುರುತು. ಸೆನ್ಸಿಟಿವ್ ಎಂದರೆ ತಟ್ಟೆಯಲ್ಲಿ ಆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗಿತು ಎಂದಷ್ಟೇ, ನಿಮಗೆ ಬರೆದುಕೊಟ್ಟ ಚೀಟಿಯಲ್ಲ. ಅನವಶ್ಯಕ ಆ್ಯಂಟಿಬಯಾಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆ ಖಾಲಿ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾ ಬೆಳೆದು ಹೊಸ ಭೇದಿ ಶುರುವಾಗಬಹುದು.

ಎದೆಯುರಿ, ಹುಣ್ಣಿನ ಕಾರಣಕ್ಕೆ ಮಾಡಿಸುವ, ಜಠರದ ಬ್ಯಾಕ್ಟೀರಿಯಾ ಎಚ್. ಪೈಲೋರಿಯ ಕುರುಹನ್ನು ಮಲದಲ್ಲಿ ಹುಡುಕುವ ಆ್ಯಂಟಿಜನ್ ಪರೀಕ್ಷೆಗೆ ಬೇರೆಯೇ ನಿಯಮ. ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಗುಳಿಗೆ ಎರಡು ವಾರ, ಆ್ಯಂಟಿಬಯಾಟಿಕ್ ನಾಲ್ಕು ವಾರ ನಿಂತಿರಬೇಕು, ಇಲ್ಲದಿದ್ದರೆ ಸುಳ್ಳು ನೆಗೆಟಿವ್ ಬರಬಹುದು. ನಿಲ್ಲಿಸುವುದನ್ನು ಡಾಕ್ಟರನ್ನು ಕೇಳಿಯೇ ಮಾಡಿ.

ಅಂಚೆಯಲ್ಲಿ ಬರುವ ಮೈಕ್ರೋಬಯೋಮ್ ಕಿಟ್

ಮೈಕ್ರೋಬಯೋಮ್ ಎಂದರೆ ಕರುಳಿನ ಸೂಕ್ಷ್ಮಜೀವಿಗಳ ಇಡೀ ಸಮೂಹ. ಸಾವಿರಾರು ರೂಪಾಯಿಯ ಈ ಪರೀಕ್ಷೆ ಬ್ಯಾಕ್ಟೀರಿಯಾದ ಡಿಎನ್‌ಎ ಓದಿ ಬಣ್ಣಬಣ್ಣದ ಚಾರ್ಟ್ ಕಳಿಸುತ್ತದೆ. ನನ್ನ ಕೇಳಿದರೆ ಸದ್ಯಕ್ಕೆ ಬೇಡ. ಎಷ್ಟಿದ್ದರೆ ಸರಿ ಎಂಬ ಒಪ್ಪಿತ ಅಳತೆಯೇ ಇನ್ನೂ ಇಲ್ಲ, ಒಂದೇ ಸ್ಯಾಂಪಲ್ಲಿಗೆ ಎರಡು ಲ್ಯಾಬ್ ಎರಡು ಉತ್ತರ ಕೊಡಬಹುದು. ಧಾನ್ಯ, ಕಾಳು ಹೆಚ್ಚು ತಿನ್ನುವವರ ಕರುಳಿನಲ್ಲಿ ಪ್ರಿವೊಟೆಲ್ಲಾ ಎಂಬ ಗುಂಪು ಹೆಚ್ಚಿರುವುದು ಸಾಮಾನ್ಯ, ಭಾರತೀಯರಲ್ಲೂ ಇದು ಕಂಡುಬಂದಿದೆ. ಹೊರದೇಶದವರ ಸರಾಸರಿಗೆ ಹೋಲಿಸಿದ ಚಾರ್ಟ್ ಅದನ್ನೇ ‘ಹೆಚ್ಚು’ ಎಂದು ಕೆಂಪು ಮಾಡಿದರೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಬಿಡಬೇಕಿಲ್ಲ. ಆ ನಾರನ್ನು ಹುಳಿಸಿ ಕರುಳಿನ ಗೋಡೆಗೆ ಬೇಕಾದ ಬ್ಯುಟಿರೇಟ್ ತಯಾರಿಸುವುದು ಕರುಳಿನ ಬ್ಯಾಕ್ಟೀರಿಯಾಗಳೇ.

ವರದಿಗೆ ಕಾಯಬಾರದ ಸಂದರ್ಭ

ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಕೂಸಿನ ಕಣ್ಣು ಗುಳಿ ಬಿದ್ದಿರುವುದು, ಮೂತ್ರ ಕಡಿಮೆಯಾಗಿರುವುದು ಕಂಡರೆ ಕಲ್ಚರ್ ಬರುವವರೆಗೆ ಕೂಡಬೇಡಿ, ದವಾಖಾನೆಗೆ ಹೋಗಿ. ಅಲ್ಲಿಯವರೆಗೆ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೇ ಪೂರ್ತಿ ಹಾಕಿ, ಚಮಚದಿಂದ ಕುಡಿಸುತ್ತಿರಿ. ಮಕ್ಕಳಿಗೆ ಕೊಡುವ ಸತುವಿನ ಗುಳಿಗೆಯನ್ನು ಭೇದಿ ನಿಂತಿತೆಂದು ನಡುವೆ ಬಿಡದೆ 14 ದಿನ ಕೊಡಿ.