ಮತ್ತಿ ಮರದ ನೆರಳು

ನಾನು ಬೆಂಗಳೂರಿನ ಪೀಣ್ಯದಲ್ಲಿ ಸೋಲಾರ್ ಕೆಲಸ ಮಾಡುವವನು. ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿಗೆ, ಅಂದರೆ ಸೋಲಿಗ ಆದಿವಾಸಿಗಳ ಹಾಡಿಗೆ, ದೀಪ ಹಾಕುವ ಕೆಲಸ ಬಂದಾಗ ಲೆಕ್ಕವನ್ನೆಲ್ಲ ಇಲ್ಲೇ ಕೂತು ಮುಗಿಸಿದ್ದೆ. ಏಪ್ರಿಲ್‌ನಲ್ಲಿ ಹೋಗಿ ಪ್ಯಾನೆಲ್‌ಗೆ ಜಾಗ ಗುರುತು ಮಾಡಿದೆ. ಒಳ್ಳೆ ಬಿಸಿಲು, ನೆರಳೇ ಇಲ್ಲ.

ಪೋಡಿನ ಯಜಮಾನರು ಅಲ್ಲಿ ಬೇಡ ಅಂದರು. "ಈಗ ಮತ್ತಿ ಮರ ಎಲೆ ಉದುರಿಸಿದೆ ಸ್ವಾಮಿ, ಅದಕ್ಕೇ ಬಿಸಿಲು. ಚಳಿಗಾಲದಲ್ಲಿ ಸೂರ್ಯ ಅದರ ಹಿಂದೇನೇ ಓಡಾಡ್ತಾನೆ." ನಾನು ಕೇಳಿಸಿಕೊಂಡೆ, ಜಾಗ ಮಾತ್ರ ಬದಲಿಸಲಿಲ್ಲ. ಏಪ್ರಿಲ್ ಕೊನೆಗೆ ಅಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ಡಿಸೆಂಬರ್‌ಗೆ ಸುಮಾರು 35 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಹಾಗೇ ಆಯಿತು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದನ್ನೂ ಯಾರಿಗೂ ಕಲಿಸಿರಲಿಲ್ಲ. ಎರಡು ವರ್ಷದೊಳಗೆ ಅವೂ ಹೋದವು.

ಎರಡನೇ ಸಲ ಗ್ರಾಮಸಭೆಯೇ ಕೆಲಸ ಹಿಡಿಯಿತು. ಹಿಡಿಯಬೇಕಾದ್ದೂ ಅದೇ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸೌಲಭ್ಯಕ್ಕೆ ಕಾಡಿನ ಜಾಗ ಬಳಸಬೇಕಾದರೆ ಗ್ರಾಮಸಭೆಯ ಶಿಫಾರಸು ಬೇಕು. ಆ ಬೆಟ್ಟದ ಹಲವು ಪೋಡುಗಳಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿದೆ. ಪ್ಯಾನೆಲ್ ಜಾಗ ಅವರು ತೋರಿಸಿದರು. ನಾನು ಬರೆದಿದ್ದ ತಿಂಗಳ ಕಂತು ತೆಗೆದುಹಾಕಿ, ಕಾಫಿ ಮಾರಿದ ಮೇಲೆ ಒಟ್ಟಿಗೆ ಕೊಡಬಹುದು ಅಂತ ಮಾಡಿದರು. ಕೈಗೆ ದುಡ್ಡು ಬರುವುದೇ ಆಗ ಅಲ್ವಾ?

ಜೇನಿನ ಕಾಲ ಮುಗಿದ ಮೇಲೆ ಮೂವರು ಕಲಿಯಲು ನಮ್ಮ ಶೆಡ್‌ಗೆ ಬಂದರು. ಒಬ್ಬ ಹುಡುಗ, ಇಬ್ಬರು ಹೆಂಗಸರು. ಎಸ್‌ಪಿ ರೋಡಿಗೆ ಸಾಮಾನು ತರಲು ಹೋದಾಗ ಅವರಲ್ಲೊಬ್ಬ ಅಕ್ಕ ಕೇಳಿದರು: "ಅಣ್ಣ, ಮನೆಗೊಂದು ಥರ ಹೋಲ್ಡರ್, ಮನೆಗೊಂದು ಥರ ಫ್ಯೂಸ್ ಯಾಕೆ ಹಾಕಿದ್ರಿ? ಎಲ್ಲಾ ಒಂದೇ ಇದ್ರೆ ನಾವು ಒಂದು ಡಬ್ಬಿ ಇಟ್ಕೊಂಡ್ರೆ ಸಾಕಲ್ವಾ?" ಸುಮಾರು 180 ಕಿಲೋಮೀಟರ್ ದೂರದಿಂದ ಒಂದು ಫ್ಯೂಸಿಗಾಗಿ ಕಾಯುವವರಿಗೆ ಹೊಳೆಯುವ ಪ್ರಶ್ನೆ ಅದು. ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಅವತ್ತೇ ಪಟ್ಟಿ ಬದಲಿಸಿದೆವು. ಬಿಲ್ಲನ್ನು ಅವರು ಸಭೆಯ ಹೆಸರಿಗೇ ಬರೆಸಿಕೊಂಡರು.

ಕಳೆದ ವಾರ ಅದೇ ಅಕ್ಕ ಫೋನ್ ಮಾಡಿದ್ದರು. ಬ್ಯಾಟರಿ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಒಂದು ಸೆಲ್‌ನಲ್ಲಿ 1.150 ತೋರಿಸುತ್ತಿದೆ, ಅಂದರೆ ಅದರಲ್ಲಿ ಚಾರ್ಜ್ ಕಡಿಮೆ, ಉಳಿದವು 1.230. ಬೀದಿ ದೀಪ ಆರಿಸಿ, ಆ ಬ್ಯಾಟರಿಯನ್ನು ಚಾರ್ಜಿಗೆ ಬಿಟ್ಟಿದ್ದೇವೆ, ಮೂರು ದಿನ ನೋಡುತ್ತೇವೆ, ಆಮೇಲೆ ಬೇಕಾದರೆ ನೀವು ಬನ್ನಿ ಅಂದರು.