ಸೀಸನ್ ನೋಡಿ ಹಣ್ಣು ತರಕಾರಿ ಕೊಳ್ಳುವುದು ಹೇಗೆ?

ಮೊದಲು ಬಂದ ಮಾವಿನಹಣ್ಣಿಗೆ ಕೈ ಹಾಕಬೇಡಿ. ಮಾರ್ಚ್ ಹೊತ್ತಿಗೆ ಬೆಂಗಳೂರಿನ ಅಂಗಡಿಗಳಲ್ಲಿ ಒಂದೆರಡು ಬುಟ್ಟಿ ಕಾಣಿಸಿಕೊಳ್ಳುತ್ತವೆ, ರೇಟ್ ಕೇಳಿದರೆ ತಲೆ ತಿರುಗುತ್ತದೆ, ತಿಂದರೆ ಸಪ್ಪೆ. ಒಳ್ಳೆ ಬೆಲೆ ಸಿಗುತ್ತದೆ ಅಂತ ಬಲಿಯುವ ಮೊದಲೇ ಕಿತ್ತಿರುತ್ತಾರೆ. ಮಾವು ಹಣ್ಣಾಗುವಾಗ ಅದರೊಳಗಿನ ಪಿಷ್ಟವೇ ಸಕ್ಕರೆಯಾಗುವುದು, ಬಲಿಯದ ಕಾಯಲ್ಲಿ ಆ ಪಿಷ್ಟವೇ ಕಡಿಮೆ, ಇನ್ನು ಸಿಹಿ ಎಲ್ಲಿಂದ ಬರಬೇಕು? ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಮ್ಮಲ್ಲಿ ನಿಷೇಧ ಇದೆ, ಆದರೂ ಹಾಕುವವರು ಹಾಕುತ್ತಾರೆ. ಹಣ್ಣು ಪೂರ್ತಿ ಹಳದಿ ಇದ್ದು ತೊಟ್ಟಿನ ಹತ್ತಿರ ಮೂಸಿದರೆ ಘಮವೇ ಇಲ್ಲ ಅಂದರೆ ಅಲ್ಲೇ ಇಟ್ಟು ಬನ್ನಿ.

ರಾಮನಗರದ ಕಡೆಯ ಹಣ್ಣು ಮೊದಲು ಬರುತ್ತದೆ, ಶ್ರೀನಿವಾಸಪುರದ್ದು ಆಮೇಲೆ. ಮೇ ತಿಂಗಳಲ್ಲಿ ಬಾದಾಮಿ, ರಸಪುರಿ ಎರಡೂ ಜೋರಾಗಿರುತ್ತವೆ. ಕೊಳ್ಳಬೇಕಾದದ್ದು ಆಗ, ಸೀಸನ್ನಿನ ನಡುವೆ. ಶುರುವಿನಲ್ಲೂ ಬೇಡ, ಕೊನೆಯಲ್ಲೂ ಬೇಡ.

ನಡು ಸೀಸನ್ ಅಂತ ತಿಳಿಯುವುದಕ್ಕೆ ಚಾರ್ಟ್ ಏನೂ ಬೇಕಿಲ್ಲ. ಅಂಗಡಿಯಲ್ಲಿ ಮಾತ್ರ ಇದ್ದದ್ದು ತಳ್ಳುಗಾಡಿಗೆ ಬಂದು ಗುಡ್ಡೆ ಬಿದ್ದಿದೆಯಾ, ವಾರದಿಂದ ವಾರಕ್ಕೆ ರೇಟ್ ಇಳಿಯುತ್ತಿದೆಯಾ ನೋಡಿ. ಹತ್ತಿರದಲ್ಲಿ ಹಾಪ್‌ಕಾಮ್ಸ್, ಅಂದರೆ ತೋಟಗಾರಿಕೆ ಸಹಕಾರ ಸಂಘದ ಹಣ್ಣು ತರಕಾರಿ ಅಂಗಡಿ, ಇದ್ದರೆ ಹೋಗಿ ಬರುವಾಗ ರೇಟ್ ಬೋರ್ಡಿನ ಮೇಲೆ ಒಮ್ಮೆ ಕಣ್ಣಾಡಿಸಿ, ಗೊತ್ತಾಗಿಬಿಡುತ್ತದೆ.

ಅವರೆಕಾಯಿ ವಿಷಯದಲ್ಲಂತೂ ಮೂಗೇ ಸಾಕು. ಡಿಸೆಂಬರ್, ಜನವರಿಯ ಚಳಿ, ಇಬ್ಬನಿ ಬಿದ್ದ ಕಾಯಿಗೆ ಇರುವ ಸೊಗಡು ಬೇರೆ ಕಾಲದ್ದಕ್ಕೆ ಬರುವುದಿಲ್ಲ. ಕಾಯನ್ನು ಹಿಡಿದರೆ ಕೈಗೆ ಜಿಡ್ಡು ಹತ್ತಬೇಕು, ಸುಲಿದ ಮೇಲೆ ಬೆರಳು ಘಮ್ ಅನ್ನಬೇಕು. ಒಳಗೆ ಕಾಳು ತುಂಬಿಕೊಂಡಿದೆಯಾ ಅಂತ ಒಂದೆರಡು ಒತ್ತಿ ನೋಡಿ, ವ್ಯಾಪಾರಿ ಗೊಣಗಿದರೆ ಗೊಣಗಲಿ. ಅಗ್ಗ ಇದ್ದಾಗ ಜಾಸ್ತಿ ತಂದು, ಟಿವಿ ಮುಂದೆ ಮನೆಮಂದಿಯನ್ನೆಲ್ಲ ಕೂರಿಸಿ ಸುಲಿಸಿ, ಕಾಳನ್ನು ಕವರಿನಲ್ಲಿ ಕಟ್ಟಿ ಫ್ರೀಜರಿಗೆ ಹಾಕಿದರೆ ಕೆಲವು ತಿಂಗಳು ಸಾರಿಗೆ ಚಿಂತೆಯಿಲ್ಲ. ಹಿತಕಿದ ಬೇಳೆಗೆ (ನೆನೆಸಿ ಸಿಪ್ಪೆ ಹಿಸುಕಿ ತೆಗೆದ ಅವರೆಕಾಳು) ಮಾತ್ರ ತಾಜಾ ಕಾಳೇ ಬೇಕು ಅನ್ನುವುದು ನನ್ನ ಹಟ. ಹಸಿ ಬಟಾಣಿಯೂ ಚಳಿಗಾಲದ್ದೇ, ಅದನ್ನೂ ಹೀಗೇ ಇಡಬಹುದು.

ಲಾಭ ಏನು ಅಂದರೆ ಮೊದಲನೆಯದು ರುಚಿ, ಎರಡನೆಯದು ದುಡ್ಡು. ಆರೋಗ್ಯದ ಮಾತಿಗೆ ಬಂದರೆ, ಕಿತ್ತ ಮೇಲೆ ದಿನ ಕಳೆದಂತೆ ವಿಟಮಿನ್ ಸಿ ಕಡಿಮೆಯಾಗುತ್ತಾ ಹೋಗುತ್ತದೆ, ಸೊಪ್ಪಿನಲ್ಲಿ ಇನ್ನೂ ಬೇಗ. ಹತ್ತಿರದ ಹೊಲದಿಂದ ಬೆಳಿಗ್ಗೆ ಬಂದ ಮೆಂತ್ಯ ಸೊಪ್ಪನ್ನು ಅವತ್ತೇ ಮಾಡಿಕೊಂಡು ತಿನ್ನುವುದಕ್ಕೂ ನಾಲ್ಕು ದಿನ ಫ್ರಿಜ್ಜಿನಲ್ಲಿ ಇಟ್ಟು ತಿನ್ನುವುದಕ್ಕೂ ವ್ಯತ್ಯಾಸ ಇದ್ದೇ ಇದೆ. ಕಾಶ್ಮೀರ, ಹಿಮಾಚಲದ ಸೇಬು ಕೊಯ್ಯುವುದು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಮೇ ತಿಂಗಳಲ್ಲಿ ನೀವು ಕೊಳ್ಳುವ ಸೇಬು ಕೋಲ್ಡ್ ಸ್ಟೋರೇಜಿನದು, ಇಲ್ಲವೇ ಹೊರದೇಶದ್ದು. ಕೆಟ್ಟದ್ದು ಅಂತಲ್ಲ, ಆದರೆ ಅದೇ ದುಡ್ಡಿಗೆ ಆಗ ಕಲ್ಲಂಗಡಿ, ಹಲಸು ಧಾರಾಳವಾಗಿ ಬರುತ್ತವೆ, ಅಲ್ವಾ?

ಇಂಟರ್ನೆಟ್‌ನಲ್ಲಿ ಓಡಾಡುವ ಸೀಸನ್ ಪಟ್ಟಿಗಳನ್ನು ಸುಮ್ನೆ ನಂಬಬೇಡಿ, ಎಷ್ಟೋ ಪಟ್ಟಿಗಳು ನಮ್ಮ ಹವೆಗೆ ಮಾಡಿದವೇ ಅಲ್ಲ. ನಮ್ಮಲ್ಲೇ ಊರಿಗೊಂದು ಲೆಕ್ಕ. ಕಲಬುರಗಿ, ಬೀದರ್ ಕಡೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ತಿನ್ನುವ ಭಜ್ಜಿಯಲ್ಲಿ ಆ ಹೊತ್ತಿನ ಹಸಿ ಕಾಳು, ಸೊಪ್ಪು, ಕಾಯಿಪಲ್ಯ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಆ ತಿಂಗಳು ಅಲ್ಲಿ ಏನು ಬೆಳೆದಿದೆ ಅಂತ ಅದನ್ನು ನೋಡಿದರೇ ತಿಳಿಯುತ್ತದೆ. ಮಲೆನಾಡಿನಲ್ಲಿ ಮಳೆಗಾಲ ಬಂದರೆ ಕೆಸುವಿನ ಎಲೆ, ಕಳಲೆ (ಎಳೆ ಬಿದಿರು). ಕಳಲೆಯನ್ನು ಮಾತ್ರ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಹಸಿಯದರಲ್ಲಿ ವಿಷದ ಅಂಶ ಇರುತ್ತದೆ.

ಈರುಳ್ಳಿ, ಆಲೂಗಡ್ಡೆ, ಬಾಳೆಹಣ್ಣು, ಪರಂಗಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ವರ್ಷವಿಡೀ ಸಿಗುತ್ತವೆ. ಮಳೆಗಾಲದ ಸೊಪ್ಪಿನಲ್ಲಿ ಮಣ್ಣು, ಹುಳ ಜಾಸ್ತಿ. ಬಿಡಿಸಿ, ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಮೂರು ನಾಲ್ಕು ಸಲ ತೊಳೆಯಿರಿ. ಕೊಳ್ಳುವಾಗ "ಯಾವ ಊರಿಂದ ಬಂತು, ಯಾವತ್ತು ಬಂತು" ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳಿ. ದಿನಾ ಮುಖ ನೋಡುವ ಗಿರಾಕಿಗೆ ಹೆಚ್ಚಿನ ವ್ಯಾಪಾರಿಗಳು ನಿಜವನ್ನೇ ಹೇಳುತ್ತಾರೆ, "ಅಕ್ಕಾ, ಇದು ಇವತ್ತು ಬೇಡ" ಅಂತ ಅವರೇ ಪಕ್ಕಕ್ಕೆ ಸರಿಸುವುದೂ ಉಂಟು.