ಉಗಿ ಎಂಜಿನ್ ನೋಡಲು ಹೊರಟಾಗ ಎಲ್ಲಿ ನಿಲ್ಲಬೇಕು, ಹೇಗೆ ನಿಲ್ಲಬೇಕು

ಉಗಿಬಂಡಿಯ ಫೋಟೊ ತೆಗೆಯಲು ಊಟಿಗೋ ಡಾರ್ಜಿಲಿಂಗ್‌ಗೋ ಹೊರಡುವ ಮುನ್ನ, ಅಥವಾ ಇಲ್ಲೇ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ವಂದೇ ಭಾರತ್ ಹಾದುಹೋಗುವುದನ್ನು ಚಿತ್ರೀಕರಿಸುವ ಮುನ್ನ, ಮನೆಯ ಅಂಗಳದಲ್ಲಿ ಒಂದು ಅಳತೆ ಮಾಡಿ ನೋಡಿ. ಸೀಮೆಸುಣ್ಣದಿಂದ 1,676 ಮಿ.ಮೀ., ಅಂದರೆ ಸುಮಾರು ಐದೂವರೆ ಅಡಿ ಅಂತರದಲ್ಲಿ ಎರಡು ಗೆರೆ ಎಳೆಯಿರಿ; ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ ಅಷ್ಟು. ಈಗ ಓಡುವ ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಡಬ್ಬಿಯ ಅಗಲ 3,240 ಮಿ.ಮೀ. ಆದ್ದರಿಂದ ಪ್ರತಿ ಗೆರೆಯಿಂದ 78 ಸೆಂ.ಮೀ. ಹೊರಕ್ಕೆ ಇನ್ನೊಂದೊಂದು ಗೆರೆ ಎಳೆಯಿರಿ. ನನ್ನ ತಂಗಿಯ ಮಗನಿಗೆ ಮೊದಲ ಎರಡು ಗೆರೆಗಳನ್ನಷ್ಟೇ ತೋರಿಸಿ, "ರೈಲು ಬರುತ್ತದೆ, ಸುರಕ್ಷಿತವಾಗಿ ನಿಂತುಕೋ" ಎಂದು ಹೇಳಿದಾಗ, ಅವನು ಗೆರೆಯಿಂದ ಒಂದು ದೊಡ್ಡ ಹೆಜ್ಜೆ ಹಿಂದೆ ಸರಿದು ನಿಂತ. ಹೊರಗಿನ ಗೆರೆ ಎಳೆದಾಗ ಅವನ ಎರಡೂ ಪಾದಗಳು ಡಬ್ಬಿಯ ಒಳಗೇ ಇದ್ದವು. "ಮಾಮಾ, ಹಂಗಾರ ಇನ್ನೂ ಎಷ್ಟ ಹಿಂದ ಸರೀಬೇಕು?" ಎಂದು ಅವನು ಕೇಳಿದ ಪ್ರಶ್ನೆಗೆ ಉತ್ತರವಾಗಿ ಈ ಬರಹ.

ಹುಬ್ಬಳ್ಳಿಯವರಿಗೆ ರೈಲಿನ ಪ್ರೀತಿ ಹೊಸದಲ್ಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿದೆ, 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇಲ್ಲಿದೆ, ವರ್ಕ್‌ಶಾಪಿನಲ್ಲಿ ದುಡಿದ ಹಿರಿಯರಿರುವ ಮನೆಗಳು ಓಣಿ ಓಣಿಯಲ್ಲಿವೆ. ಮೀಟರ್‌ಗೇಜ್ ಕಾಲದ ಉಗಿ ಎಂಜಿನ್‌ಗಳನ್ನು ಕಂಡ ಅಜ್ಜಂದಿರಿಗೆ ಅದರ ಶಾಖವೂ ಗೊತ್ತು, ಅದರಿಂದ ಎಷ್ಟು ದೂರ ನಿಲ್ಲಬೇಕೆಂಬುದೂ ಗೊತ್ತು. ಆದರೆ ಇಂದಿನ ಹುಡುಗರು ನೋಡಿರುವುದು ಬಣ್ಣ ಬಳಿದು ಕಟ್ಟೆಯ ಮೇಲೆ ನಿಲ್ಲಿಸಿದ ತಣ್ಣನೆಯ ಎಂಜಿನ್. ಅದರ ಮೆಟ್ಟಿಲು ಹತ್ತಬಹುದು, ಚಕ್ರಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳಬಹುದು. ಅದೇ ರೂಢಿಯಲ್ಲಿ ಉರಿಯುವ ಎಂಜಿನ್ನಿನ ಹತ್ತಿರ ಹೋದರೆ ಅಪಾಯ ಕಟ್ಟಿಟ್ಟದ್ದು.

ಉಗಿ ಎಂಜಿನ್ನಿನ ಅಪಾಯ ಎಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ಎಂಜಿನ್ ಹೊರಡುವಾಗ, ಸಿಲಿಂಡರಿನಲ್ಲಿ ತಂಗಿದ ನೀರನ್ನು ಹೊರಹಾಕಲು ಚಾಲಕರು ಕೆಳಗಿನ ಕವಾಟಗಳನ್ನು ತೆರೆಯುತ್ತಾರೆ. ಆಗ ಕುದಿನೀರು ಬೆರೆತ ಉಗಿ ಮುಂಚಕ್ರಗಳ ಬಳಿ, ನಮ್ಮ ಮೊಣಕಾಲಿನ ಮಟ್ಟದಲ್ಲಿ, ರಭಸದಿಂದ ಚಿಮ್ಮುತ್ತದೆ. ಸಣ್ಣ ಮಕ್ಕಳಿಗೆ ಅದು ಮುಖದ ಎತ್ತರ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹಾಕುವಾಗ ಗಮನಿಸಿ ನೋಡಿ: ರಂಧ್ರಕ್ಕೆ ತೀರ ಹತ್ತಿರದಲ್ಲಿ ಏನೂ ಕಾಣುವುದಿಲ್ಲ, ಬಿಳಿಯ ಮೋಡ ಸ್ವಲ್ಪ ಮೇಲೆ ಶುರುವಾಗುತ್ತದೆ. ಕಾಣದಿರುವ ಆ ಭಾಗವೇ ನಿಜವಾದ ಉಗಿ, ಹೆಚ್ಚು ಸುಡುವುದೂ ಅದೇ. ಎಂಜಿನ್ನಿನ ಪಕ್ಕ ಬಿಳಿ ಹೊಗೆಯಿಂದ ದೂರವಿದ್ದೇನೆಂದು ನೆಮ್ಮದಿಯಿಂದ ನಿಂತವರು ಕಣ್ಣಿಗೆ ಕಾಣದ ಈ ಉಗಿಯ ದಾರಿಯಲ್ಲಿ ಇರಬಹುದು. ಬಾಯ್ಲರಿನ ಸುರಕ್ಷಾ ಕವಾಟ ಮುನ್ಸೂಚನೆಯಿಲ್ಲದೆ ಗರ್ಜಿಸಿದಾಗ ಬೆಚ್ಚಿಬಿದ್ದವರು ಯಾವ ಕಡೆಗೆ ಹಾರುತ್ತಾರೆಂದು ಹೇಳಲಾಗದು. ಕಲ್ಲಿದ್ದಲಿನ ಎಂಜಿನ್ ಆಗಿದ್ದರೆ ಕಿಡಿಗಳೂ ಉದುರುತ್ತವೆ. ನೈಲಾನ್ ಬಟ್ಟೆ ಬಿಟ್ಟು ಹತ್ತಿಯ ಬಟ್ಟೆ ತೊಡುವುದು, ಮೇಲಕ್ಕೆ ಮುಖವೆತ್ತಿ ನೋಡುವಾಗ ಕನ್ನಡಕ ಧರಿಸುವುದು ಒಳ್ಳೆಯದು.

ಇನ್ನೊಂದು ವಿಷಯವನ್ನು ನಮ್ಮಲ್ಲಿ ಬಹಳ ಜನ ಯೋಚಿಸುವುದೇ ಇಲ್ಲ. ಉಗಿ ಎಂಜಿನ್ನಿನ ಚಾಲಕರು ಕೂಡುವುದು ಉದ್ದನೆಯ ಬಾಯ್ಲರಿನ ಹಿಂದೆ. ತಮ್ಮ ಬದಿಯ ಕಿಟಕಿಯಿಂದ ಕಂಡಷ್ಟೇ ಅವರಿಗೆ ದಾರಿ. ತಿರುವಿನಲ್ಲಿ, ಅಥವಾ ಹೊಗೆ ಕೆಳಗಿಳಿದಾಗ, ಹಳಿಯ ಪಕ್ಕ ಬಗ್ಗಿ ನಿಂತ ನೀವು ಅವರಿಗೆ ಕಾಣದೆ ಹೋಗಬಹುದು. ಕಂಡರೂ ಬ್ರೇಕ್ ಹಾಕಿದ ಕೂಡಲೇ ರೈಲು ನಿಲ್ಲುವುದಿಲ್ಲ.

2024ರ ಜೂನ್‌ನಲ್ಲಿ ಮೆಕ್ಸಿಕೊದ ಹಿಡಾಲ್ಗೊ ರಾಜ್ಯದಲ್ಲಿ ನಡೆದದ್ದನ್ನು ನೆನಪಿಡಬೇಕು. ಕೆನಡಾದಿಂದ ಪ್ರವಾಸ ಬಂದಿದ್ದ, 1930ರಲ್ಲಿ ತಯಾರಾದ 2816 ಸಂಖ್ಯೆಯ ಉಗಿ ಎಂಜಿನ್ ನೋಡಲು ಜನ ಹಳಿಯ ಪಕ್ಕ ಸೇರಿದ್ದರು. ಹಳಿಗೆ ತೀರ ಹತ್ತಿರ ಹೋಗಿ, ಫೋನ್ ಹಿಡಿದು ಎಂಜಿನ್ನಿನ ಜೊತೆ ತನ್ನ ಚಿತ್ರ ತೆಗೆದುಕೊಳ್ಳಲು ಯತ್ನಿಸಿದ ಮಹಿಳೆಯೊಬ್ಬರಿಗೆ ಎಂಜಿನ್ ಬಡಿದು ಅವರು ತೀರಿಕೊಂಡರು. ಇಂಗ್ಲೆಂಡಿನಲ್ಲಿ 2016ರ ಫೆಬ್ರುವರಿ 25ರಂದು, ದುರಸ್ತಿ ಮುಗಿಸಿ ಲಂಡನ್ನಿನಿಂದ ಯಾರ್ಕ್‌ಗೆ ಹೊರಟ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಜಿನ್ನನ್ನು ಜನ ಹಳಿಗಿಳಿದ ಕಾರಣಕ್ಕೆ ದಾರಿಯಲ್ಲೇ ನಿಲ್ಲಿಸಬೇಕಾಯಿತು. ಪ್ರೀತಿಯಿಂದ ಬಂದವರೇ ಆ ಪ್ರಯಾಣಕ್ಕೆ ಅಡ್ಡಿಯಾದರು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಹಾಗಾದರೆ ಮಾಡಬೇಕಾದದ್ದೇನು? ನಿಲ್ಲುವ ಜಾಗವನ್ನು ರೈಲು ಕಾಣುವ ಮೊದಲೇ ನಿಶ್ಚಯಿಸಿ, ಕಂಡ ಮೇಲೆ ಹಳಿಯ ಕಡೆಗೆ ಒಂದು ಹೆಜ್ಜೆಯನ್ನೂ ಇಡಬೇಡಿ. ಉಳಿದೆಲ್ಲ ಸೂಚನೆಗಳು ಇದರ ಹಿಂದೆ ಬರುತ್ತವೆ. ಅರ್ಧ ಗಂಟೆ ಮುಂಚೆ ಹೋಗಿ, ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಹಿಂದೆ, ಮುಚ್ಚಿದ ಗೇಟಿನ ಹೊರಗೆ, ಸಾರ್ವಜನಿಕ ರಸ್ತೆಯಲ್ಲಿ ಅಥವಾ ಪಾದಚಾರಿ ಸೇತುವೆಯ ಮೇಲೆ ಜಾಗ ಹಿಡಿಯಿರಿ. ತೆರೆದ ಬಯಲಿನಲ್ಲಾದರೆ ರೈಲ್ವೆಯ ಗಡಿಯಿಂದ ಹೊರಗೇ ಇರಿ; ಹಳಿಯಿಂದ ಕನಿಷ್ಠ ಐದು ಮೀಟರ್ ದೂರ ಎಂಬುದು ನನ್ನ ಲೆಕ್ಕ, ಹೆಚ್ಚಿದ್ದಷ್ಟೂ ಚಿತ್ರ ಚೆನ್ನಾಗಿ ಬರುತ್ತದೆ, ಏಕೆಂದರೆ ಹೊಗೆ, ಗಾಲಿ, ಡಬ್ಬಿಗಳ ಸಾಲು ಎಲ್ಲವೂ ಒಂದೇ ಚೌಕಟ್ಟಿಗೆ ಬರಬೇಕಾದರೆ ದೂರ ಬೇಕೇ ಬೇಕು. ಗಾಳಿ ನಿಮ್ಮ ಕಡೆಯಿಂದ ಹಳಿಯತ್ತ ಬೀಸುವ ಬದಿಯನ್ನು ಆರಿಸಿಕೊಂಡರೆ ಹೊಗೆ ಆಚೆ ಹೋಗುತ್ತದೆ. ಸೇತುವೆಯ ಹಳಿ, ಸುರಂಗದ ಬಾಯಿ, ದಿಬ್ಬ ಕಡಿದು ಮಾಡಿದ ಇಕ್ಕಟ್ಟಿನ ಹಳಿದಾರಿ, ಇವುಗಳಲ್ಲಿ ಓಡಿಹೋಗಲು ಜಾಗವಿರುವುದಿಲ್ಲವಾದ್ದರಿಂದ ಅಲ್ಲಿಗೆ ಹೋಗಲೇಬೇಡಿ.

ಫೋನಿನ ಪರದೆಯಲ್ಲಿ ರೈಲು ಇರುವುದಕ್ಕಿಂತ ದೂರ ಕಾಣುತ್ತದೆ. ಗಂಟೆಗೆ 110 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ 30 ಮೀಟರ್ ಸಾಗುತ್ತದೆ. ಪರದೆಯಿಂದ ಕಣ್ಣು ಕಿತ್ತು ನೋಡುವಷ್ಟರಲ್ಲಿ ಅದು ನಿಮ್ಮ ಪಕ್ಕದಲ್ಲಿರುತ್ತದೆ. ಸಾಧ್ಯವಾದರೆ ಒಬ್ಬರು ಚಿತ್ರ ತೆಗೆಯುವಾಗ ಇನ್ನೊಬ್ಬರು ಬರಿಗಣ್ಣಿನಿಂದ ಎರಡೂ ದಿಕ್ಕು ನೋಡುತ್ತಿರಲಿ. ಕಿವಿಗೆ ಇಯರ್‌ಫೋನ್ ಬೇಡ. ಚಾಲಕರ ಕಣ್ಣಿಗೆ ಫ್ಲಾಶ್ ಹೊಡೆಯಬೇಡಿ. ಹುಬ್ಬಳ್ಳಿ, ಗದಗ ಭಾಗದ ಮಾರ್ಗಗಳ ಮೇಲೆ 25,000 ವೋಲ್ಟಿನ ವಿದ್ಯುತ್ ತಂತಿ ಇರುವುದರಿಂದ, ನಿಂತ ಗೂಡ್ಸ್ ಡಬ್ಬಿಯ ಮೇಲೆ ಹತ್ತುವುದು, ಉದ್ದನೆಯ ಸೆಲ್ಫಿ ಕೋಲು ಎತ್ತುವುದು ಪ್ರಾಣಕ್ಕೇ ಎರವಾಗುತ್ತದೆ. ತಂತಿಯನ್ನು ಮುಟ್ಟದಿದ್ದರೂ ಹತ್ತಿರ ಹೋದವರನ್ನು ಅದು ಸುಡಬಲ್ಲದು.

ಅನುಮತಿಯಿಲ್ಲದೆ ಹಳಿಗಿಳಿಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಯಾರಾದರೂ ಹಳಿಯ ಮೇಲೆ ಬಿದ್ದರೆ ಹಿಂದೆಯೇ ಜಿಗಿಯಬೇಡಿ. ಗೇಟ್‌ಮನ್ ಅಥವಾ ಸ್ಟೇಶನ್ ಮಾಸ್ಟರಿಗೆ ತಿಳಿಸಿ, 139ಕ್ಕೆ ಕರೆ ಮಾಡಿ. ರೈಲು ಬರುತ್ತಿದ್ದರೆ ಹಳಿಯ ಹೊರಗೆ ನಿಂತು, ಬರುವ ಎಂಜಿನ್ನಿಗೆ ಮುಖಮಾಡಿ ಎರಡೂ ತೋಳುಗಳನ್ನು ತಲೆಯ ಮೇಲೆ ಎತ್ತಿ ಹಿಡಿಯಿರಿ, ಇಲ್ಲವೇ ಕೈಗೆ ಸಿಕ್ಕ ಬಟ್ಟೆಯನ್ನು ಜೋರಾಗಿ ಬೀಸಿ. ಅದು ಅಪಾಯದ ಸಂಕೇತವೆಂದು ಚಾಲಕರು ಗುರುತಿಸುತ್ತಾರೆ.

ಕೊನೆಯ ಡಬ್ಬಿ ದಾಟಿದ ಕೂಡಲೇ ಜನ ಒಮ್ಮೆಲೇ ಹಳಿಯತ್ತ ನುಗ್ಗುತ್ತಾರೆ, ಹೊಗೆ ಇನ್ನೂ ಚದುರಿರುವುದಿಲ್ಲ. ಜೋಡಿ ಹಳಿಯಿರುವ ಕಡೆ ಎದುರಿನ ಮಾರ್ಗದಲ್ಲಿ ಬರುವ ರೈಲು ಆ ಹೊಗೆಯ ಹಿಂದೆ, ಹೋಗುತ್ತಿರುವ ರೈಲಿನ ಸದ್ದಿನಲ್ಲಿ ಮುಚ್ಚಿಹೋಗಿರುತ್ತದೆ. ಮಕ್ಕಳ ಕೈ ಬಿಡದೆ, ಎರಡೂ ಹಳಿಗಳು ದೂರದವರೆಗೆ ನಿಚ್ಚಳವಾಗಿ ಕಾಣುವ ತನಕ ನಿಂತಲ್ಲೇ ನಿಂತಿರಿ. ಗೇಟು ತೆರೆದ ಮೇಲೆ ದಾಟಿ.